ಅದೇ ಸಂಜೆ ಹೇಳಿ: ಒಬ್ಬ ತಾಲ್ಲೂಕು ವರದಿಗಾರನ ಬಹಿರಂಗ ಪತ್ರ

ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳ ಮಾನ್ಯ ಜಿಲ್ಲಾಧಿಕಾರಿಗಳಿಗೆ, ಜಿಲ್ಲಾ ಪಂಚಾಯಿತಿ ಸಿಇಒ ಅವರಿಗೆ, ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ,

ನಮಸ್ಕಾರ.

ನಾನು ಈ ಮೂರು ಜಿಲ್ಲೆಗಳ ಪೈಕಿ ಒಂದರಲ್ಲಿ ತಾಲ್ಲೂಕು ವರದಿಗಾರ. 18 ವರ್ಷ ಆಯಿತು. ಮಳೆಗಾಲ ಶುರುವಾಗುವ ಮುಂಚೆಯೇ ಈ ಪತ್ರ ಬರೆಯುತ್ತಿದ್ದೇನೆ. ಮೊದಲ ಮಳೆ ಬಿದ್ದ ಮೇಲೆ ನಮ್ಮ ಕಡೆಯ ಯಾವುದಾದರೂ ಒಂದು ಊರಿನಿಂದ ವಾಂತಿ ಭೇದಿ ಸುದ್ದಿ ಬರುತ್ತದೆ. ಇದು ನಿಮಗೂ ಗೊತ್ತು, ನನಗೂ ಗೊತ್ತು. ಆಗ ಬರೆದರೆ ಸಿಟ್ಟಿನಲ್ಲಿ ಬರೆದ ಹಾಗೆ ಆಗುತ್ತದೆ. ಈಗಾದರೆ ಕೂತು ಮಾತಾಡಬಹುದು.

ಕೇಳುವುದು ಒಂದೇ. ಊರಲ್ಲಿ ಜನ ಕಾಯಿಲೆ ಬಿದ್ದರೆ ಯಾವ ಊರು, ಯಾವ ಓಣಿ, ಯಾವ ನೀರು ಅಂತ ಅದೇ ಸಂಜೆ ನಮಗೆ ಹೇಳಿ. ಲ್ಯಾಬ್ ರಿಪೋರ್ಟ್ ಬಂದ ಮೇಲೆ ಅಲ್ಲ, ಮೇಲಿನವರ ಒಪ್ಪಿಗೆ ಸಿಕ್ಕ ಮೇಲೆ ಅಲ್ಲ. ಅದೇ ಸಂಜೆ.

ಇಷ್ಟು ಒತ್ತಿ ಹೇಳಲು ಕಾರಣ ಇದೆ. ಅಂಥ ಒಂದು ಸಂಜೆ ನಾನೂ ಸುಮ್ಮನಿದ್ದೆ.

ಕೆಲವು ವರ್ಷದ ಹಿಂದಿನ ಮಾತು. ಊರಿನ ಹೆಸರು, ತಾಲ್ಲೂಕಿನ ಹೆಸರು ಹೇಳುವುದಿಲ್ಲ. ಹೇಳಿದರೆ ನನಗೆ ಫೋನ್ ಮಾಡಿದ ಆಶಾ ಕಾರ್ಯಕರ್ತೆ ಯಾರು ಅಂತ ಗೊತ್ತಾಗಿಬಿಡುತ್ತದೆ. ಆಕೆ ಇನ್ನೂ ಅದೇ ಊರಲ್ಲಿ ಕೆಲಸ ಮಾಡುತ್ತಾರೆ.

ಬೆಳಗ್ಗೆ ಆರು ಗಂಟೆಗೆ ಫೋನ್ ಬಂತು. "ಸರ, ನಮ್ಮ ಕೆಳಗಿನ ಓಣ್ಯಾಗ ರಾತ್ರಿಂದ ವಾಂತಿ ಭೇದಿ ಹತ್ಯಾದ್ರಿ. ನಾ ಎಲ್ಲರಿಗೂ ತಿಳಿಸೀನಿ. ನೀವಾರ ಬರ್ರಿ" ಅಂದರು. ಬೈಕ್ ಹತ್ತಿ ಹೋದೆ. ಪ್ರಾಥಮಿಕ ಶಾಲೆಯ ವರಾಂಡದಲ್ಲಿ ಬೆಂಚುಗಳನ್ನು ಜೋಡಿಸಿ ಜನರನ್ನು ಮಲಗಿಸಿದ್ದರು. ಸ್ಟ್ಯಾಂಡ್ ಇರಲಿಲ್ಲ. ಹಳೇ ಸೀರೆಯ ಅಂಚು ಹರಿದು ಸಲೈನ್ ಬಾಟಲಿಗಳನ್ನು ಕಿಟಕಿ ಸರಳಿಗೆ ಕಟ್ಟಿದ್ದರು. ಒಂದೇ ಸರಳಿಗೆ ಮೂರು ಬಾಟಲಿ. ಕೆಳಗೆ ಒಬ್ಬ ತಾಯಿ, ಆಕೆಯ ಮಗಳು, ಪಕ್ಕದ ಮನೆಯ ಹುಡುಗ. ಹುಡುಗನ ಕಣ್ಣು ಒಳಗೆ ಹೋಗಿದ್ದವು. ನರ್ಸ್ ಅವನ ಕೈ ಮೇಲಿನ ಚರ್ಮ ಹಿಡಿದೆತ್ತಿ ಬಿಟ್ಟರು. ಅದು ತಟ್ಟನೆ ಕೆಳಗೆ ಇಳಿಯಲಿಲ್ಲ. ಮೈಯಲ್ಲಿ ನೀರು ಇಲ್ಲ ಅನ್ನುವುದಕ್ಕೆ ಅದೇ ಗುರುತು ಅಂತ ಆವತ್ತು ಕಲಿತೆ.

ಒಬ್ಬ ಅವ್ವನನ್ನು ಕೇಳಿದೆ, "ನೀರು ಎಲ್ಲಿಂದ ತಂದ್ರಿ?" ಅಂತ.

"ನಳದ ನೀರ್ ರೀ ಯಪ್ಪಾ. ಎರಡ್ ದಿನದಿಂದ ನಾರ್ತಿತ್ತು. ಕುಡೀಬಾರ್ದು ಅಂದ್ರ ಬ್ಯಾರೆ ನೀರ್ ಎಲ್ಲದ?"

ಆಶಾ ನನ್ನನ್ನು ಆ ನಳದ ಹತ್ತಿರ ಕರೆದುಕೊಂಡು ಹೋದರು. ನೀರಿನ ಒತ್ತಡ ಕಡಿಮೆ ಅಂತ ಮನೆ ಮುಂದೆ ಮೊಳಕಾಲುದ್ದ ಗುಂಡಿ ತೋಡಿ, ಪೈಪನ್ನು ಗುಂಡಿಯ ತಳದಲ್ಲಿ ತೆರೆದು ಇಟ್ಟಿದ್ದರು. ಕೊಡ ಅದರೊಳಗೆ ಇಳಿಸಿ ತುಂಬಿಸಬೇಕು. ಪಕ್ಕದಲ್ಲೇ ಚರಂಡಿ. ಮಳೆ ಬಂದು ಚರಂಡಿ ತುಂಬಿ ಗುಂಡಿಗೆ ಇಳಿದಿತ್ತು. ಪೈಪಿನ ಬಾಯಿ ಕಪ್ಪು ನೀರಿನಲ್ಲಿ ಮುಳುಗಿತ್ತು. ನಮ್ಮ ಹಳ್ಳಿಗಳಲ್ಲಿ ನೀರು ದಿನವಿಡೀ ಬರುವುದಿಲ್ಲ, ಬಿಟ್ಟಾಗ ಬರುತ್ತದೆ. ನೀರು ನಿಂತ ಕೂಡಲೇ ಪೈಪಿನೊಳಗೆ ಖಾಲಿ ಆಗಿ, ಬಾಯಿಯಿಂದ, ಸೀಳಿನಿಂದ, ಸಡಿಲ ಜಾಯಿಂಟಿನಿಂದ ಹೊರಗಿನ ಹೊಲಸನ್ನು ಒಳಗೆ ಎಳೆದುಕೊಳ್ಳುತ್ತದೆ. ನಳಕ್ಕೆ ಮೋಟರ್ ಹಚ್ಚುವವರು ಇದ್ದರೆ ಇನ್ನೂ ಜಾಸ್ತಿ ಎಳೆಯುತ್ತದೆ. ಮುಂದಿನ ಸಲ ನೀರು ಬಿಟ್ಟಾಗ ಅದೇ ಹೊಲಸು ಮೊದಲು ಕೊಡಕ್ಕೆ ಬೀಳುತ್ತದೆ. ಮೇಲಿನ ಟ್ಯಾಂಕಿಗೆ ಎಷ್ಟು ಬ್ಲೀಚಿಂಗ್ ಪೌಡರ್ ಹಾಕಿದರೂ ಈ ಗುಂಡಿಯ ಹತ್ತಿರ ಅದರ ಆಟ ನಡೆಯುವುದಿಲ್ಲ.

ನಾನು ಫೋಟೊ ತೆಗೆದುಕೊಂಡೆ, ಸುದ್ದಿ ಬರೆದುಕೊಂಡೆ. ಒಬ್ಬ ಅಧಿಕಾರಿಗೆ ಫೋನ್ ಮಾಡಿ ಎಷ್ಟು ಜನ, ಆ ಲೈನಿನ ನೀರು ನಿಲ್ಲಿಸಿದ್ದೀರಾ ಅಂತ ಕೇಳಿದೆ. "ಇನ್ನೂ ರಿಪೋರ್ಟ್ ಬಂದಿಲ್ಲ ನೋಡ್ರಿ. ಸುಮ್ನೆ ಊರಿನ ಹೆಸರು ಹಾಕಿ ಗಾಬರಿ ಮಾಡಬ್ಯಾಡ್ರಿ. ನಾಳೆ ಪ್ರೆಸ್ ನೋಟ್ ಕೊಡ್ತೀವಿ" ಅಂದರು. ನಮ್ಮ ಪತ್ರಿಕೆಯ ಡೆಸ್ಕಿನವರು ಅಧಿಕಾರಿ ಹೇಳಿಕೆ ಇದೆಯಾ ಅಂತ ಕೇಳಿದರು. ಇಲ್ಲ ಅಂದೆ. ನಾಳೆ ನೋಡೋಣ ಅಂದರು. ನಾನೂ ಹೂಂ ಅಂದೆ. ಅಲ್ಲಿಗೆ ಆ ದಿನ ಮುಗಿಯಿತು.

ಮರುದಿನ ಶಾಲೆಯ ಎರಡು ಕೋಣೆ ತುಂಬಿದ್ದವು. ಬಂದವರು ಹೆಚ್ಚಿನವರು ಮೇಲಿನ ಓಣಿಯವರು. ಎರಡು ಓಣಿಗೂ ಒಂದೇ ಲೈನ್. ಅಲ್ಲಿನ ಒಬ್ಬ ಅಜ್ಜ ದೊಡ್ಡಾಸ್ಪತ್ರೆಗೆ ಹೋಗುವ ದಾರಿಯಲ್ಲೇ ತೀರಿಹೋದರು. ಅವರ ಮಗ ನನಗೆ ಹೇಳಿದ ಮಾತು ಇದು: "ಬಿಸಲಿಗೆ ಹೊಟ್ಟಿ ಕೆಟ್ಟದ ಅಂತ ತಿಳದು ಮಜ್ಜಗಿ ಕೊಟ್ಟು ಮಲಗಿಸಿದ್ವಿರಿ. ಕೆಳಗಿನ ಓಣ್ಯಾಗ ಹಿಂಗ ಆಗ್ಯಾದ ಅಂತ ನಮಗ ಯಾರ್ ಹೇಳ್ಯಾರ್ರಿ?"

ಅಜ್ಜ ಯಾವ ದಿನದ ನೀರು ಕುಡಿದು ಕಾಯಿಲೆ ಬಿದ್ದರು ಅಂತ ನಾನು ವಾದ ಮಾಡುವುದಿಲ್ಲ. ಕಾಲರಾದಂಥ ರೋಗ ನೀರು ಕುಡಿದ ಕೆಲವೇ ಗಂಟೆಗೂ ಕಾಣಿಸಿಕೊಳ್ಳಬಹುದು, ಐದು ದಿನ ಬಿಟ್ಟೂ ಕಾಣಿಸಿಕೊಳ್ಳಬಹುದು. ಆದರೆ ಅವರ ಮನೆಯವರಿಗೆ ಆ ರಾತ್ರಿಯ ಹೊಟ್ಟೆನೋವು ಬರೀ ಬಿಸಿಲಿನದ್ದಲ್ಲ ಅಂತ ತಿಳಿದಿದ್ದರೆ ಬೆಳಗಿನ ತನಕ ಕಾಯುತ್ತಿರಲಿಲ್ಲ. ಅಷ್ಟು ತಿಳಿಸುವುದು ನನ್ನ ಕೆಲಸವಾಗಿತ್ತು. ನನ್ನ ಜೇಬಿನಲ್ಲಿ ಫೋಟೊ ಇತ್ತು, ಊರಿನ ಹೆಸರು ಇತ್ತು, ಓಣಿಯ ಹೆಸರು ಇತ್ತು.

ನೀವು ಗಾಬರಿಯ ಮಾತು ಹೇಳುತ್ತೀರಿ. ಆ ಭಯ ಸುಳ್ಳು ಅಂತ ನಾನು ಹೇಳುವುದಿಲ್ಲ. ಆದರೆ ನಾನು ನೋಡಿದ ಹಾಗೆ ಗಾಬರಿ ಹುಟ್ಟುವುದು ಏನೂ ಹೇಳದೆ ಇದ್ದಾಗ. 2020ರ ಮಾರ್ಚ್ ನೆನಪು ಮಾಡಿಕೊಳ್ಳಿ. ಸೌದಿಯಿಂದ ವಾಪಸ್ ಬಂದಿದ್ದ ಕಲಬುರಗಿಯ 76 ವರ್ಷದ ಹಿರಿಯರು ಮಾರ್ಚ್ 10ರಂದು ತೀರಿಕೊಂಡರು. ಅದು ಕೊರೊನಾ ಅಂತ ಖಚಿತವಾಗಿದ್ದು ಮಾರ್ಚ್ 12ರಂದು. ದೇಶದಲ್ಲೇ ಮೊದಲ ಕೊರೊನಾ ಸಾವು ನಮ್ಮ ಕಡೆಯದ್ದಾಯಿತು. ನಡುವಿನ ಆ ಎರಡು ದಿನ ನನ್ನ ಫೋನಿಗೆ ಬಂದ ವಾಯ್ಸ್ ಮೆಸೇಜುಗಳನ್ನು ನಾನು ಮರೆತಿಲ್ಲ. ಯಾವ ಆಸ್ಪತ್ರೆ ಮುಚ್ಚಿದೆ, ಯಾವ ಓಣಿಗೆ ಹೋಗಬಾರದು, ಯಾರ ಅಂಗಡಿಯಲ್ಲಿ ಸಾಮಾನು ಕೊಳ್ಳಬಾರದು ಅಂತ ಯಾರ್ಯಾರೋ ಹೇಳುತ್ತಿದ್ದರು. ಪರೀಕ್ಷೆಗೆ ಹೊತ್ತು ಬೇಕು, ಅದು ಯಾರ ತಪ್ಪೂ ಅಲ್ಲ. ಆದರೆ ರಿಪೋರ್ಟ್ ಬರುವ ತನಕ ಖಾಲಿ ಇದ್ದ ಜಾಗವನ್ನು ಸುಳ್ಳು ತುಂಬಿತು. "ಸ್ಯಾಂಪಲ್ ಹೋಗಿದೆ, ಫಲಿತಾಂಶಕ್ಕೆ ಕಾಯುತ್ತಿದ್ದೇವೆ, ಅಲ್ಲಿಯವರೆಗೆ ಹೀಗೆ ಹೀಗೆ ಇರಿ" ಅಂತ ದಿನಕ್ಕೆ ಎರಡು ಸಲ ಊರಿನವರೇ ಒಬ್ಬರು ಹೇಳಿದ್ದರೆ ಆ ಜಾಗ ಅಷ್ಟು ದೊಡ್ಡದಾಗುತ್ತಿರಲಿಲ್ಲ.

ಆಗ ನಮ್ಮವರಿಂದಲೂ ತಪ್ಪಾಗಿದೆ, ಅದನ್ನು ಬಚ್ಚಿಡುವುದಿಲ್ಲ. ಆ ಕುಟುಂಬದವರನ್ನು ಮಾತಾಡಿಸಲು ಹೋದ ಕೆಲವು ಪತ್ರಕರ್ತರು ಆಮೇಲೆ ತಾವೇ ಮನೆಯಲ್ಲಿ ಪ್ರತ್ಯೇಕವಾಗಿ ಇರಬೇಕಾಯಿತು. ಮಾಸ್ಕ್ ಹೇಗೆ ಹಾಕಬೇಕು, ರೋಗಿಯ ಮನೆಯಿಂದ ಎಷ್ಟು ದೂರ ನಿಲ್ಲಬೇಕು ಅಂತ ನಮಗೆ ಯಾರೂ ಹೇಳಿಕೊಟ್ಟಿರಲಿಲ್ಲ, ನಾವೂ ಕೇಳಿರಲಿಲ್ಲ. ಸರ್ಕಾರ ರೋಗಿಗಳ ಹೆಸರು ಬಿಟ್ಟು ಪಿ-ನಂಬರ್ ಕೊಟ್ಟರೂ, ನಮ್ಮಲ್ಲಿ ಕೆಲವರು ಓಣಿ, ಮನೆ, ಜಾತಿ, ಧರ್ಮ ಎಲ್ಲ ಸೇರಿಸಿ ಯಾರು ಅಂತ ಗೊತ್ತಾಗುವ ಹಾಗೆ ಬರೆದರು. ಮೇ ತಿಂಗಳಲ್ಲಿ ಮುಂಬೈ, ಪುಣೆಗೆ ಗುಳೆ ಹೋದವರು ವಾಪಸ್ ಬಂದಾಗಲೂ ಹೀಗೇ. ಅಲ್ಲಿಯವರೆಗೆ ಹಸಿರು ವಲಯದಲ್ಲಿದ್ದ ಯಾದಗಿರಿಯಲ್ಲಿ ಪ್ರಕರಣ ಒಮ್ಮೆಲೇ ಏರಿತು. "ಮುಂಬೈನವರು ಕೊರೊನಾ ತಂದರು" ಅಂತ ತಲೆಬರಹ ಬಂದವು. ಅವರು ಮುಂಬೈನವರಲ್ಲ, ನಮ್ಮ ತಾಂಡಾಗಳವರು, ನಮ್ಮ ಹಳ್ಳಿಯವರು. ಕೆಲಸ ಇಲ್ಲದ್ದಕ್ಕೆ ಹೋಗಿದ್ದರು, ಊಟ ಇಲ್ಲದ್ದಕ್ಕೆ ಬಂದರು. ಅವರನ್ನು ಇರಿಸಿದ್ದ ಶಾಲೆಗೆ ನಾನು ಹೋದಾಗ ಒಬ್ಬ ತಂಗಿ ಕಿಟಕಿಯಿಂದ ಕೇಳಿದ್ದು ಒಂದೇ: "ಅಣ್ಣಾ, ಇಲ್ಲಿ ಹೆಣ್ಮಕ್ಕಳಿಗೆ ಶೌಚಾಲಯ ಇಲ್ಲ ಅಂತ ಬರೀರಿ." ಬರೆದೆ. ಎರಡನೇ ದಿನಕ್ಕೆ ಬಾಗಿಲು ಸಮೇತ ತಾತ್ಕಾಲಿಕ ಶೌಚಾಲಯ ಬಂತು. ಮೇಲಿನ ಕಚೇರಿಗೆ ಆ ಸುದ್ದಿ ಮೊದಲು ಮುಟ್ಟಿದ್ದು ಪತ್ರಿಕೆಯಿಂದ ಅಂತ ಆಮೇಲೆ ಅಲ್ಲಿನವರೇ ಹೇಳಿದರು.

ಇಲ್ಲಿ ಒಂದು ಮಾತು. ನಾವು ಬರೆಯುವುದು ನಿಮ್ಮ ಕೆಲಸಕ್ಕೆ ಅಡ್ಡ ಅಂತ ನಿಮ್ಮ ಇಲಾಖೆಯ ಕೆಲವರು ತಿಳಿದಿದ್ದಾರೆ. ಆದರೆ ನಿಮ್ಮದೇ ಕೇಂದ್ರ ವ್ಯವಸ್ಥೆ ಹಾಗೆ ತಿಳಿದಿಲ್ಲ. ದೇಶದ ರೋಗ ಕಣ್ಗಾವಲು ಕಾರ್ಯಕ್ರಮ ಐಡಿಎಸ್‌ಪಿ ಶುರುವಾಗಿದ್ದು 2004ರಲ್ಲಿ. ಕಾಯಿಲೆ ಬಿದ್ದವರ ಲೆಕ್ಕ ಕಳಿಸಲು ಹಳ್ಳಿಯ ಆರೋಗ್ಯ ಕಾರ್ಯಕರ್ತೆ ಎಸ್ ಫಾರಂ ತುಂಬಬೇಕು, ವೈದ್ಯರು ಪಿ ಫಾರಂ, ಲ್ಯಾಬಿನವರು ಎಲ್ ಫಾರಂ. ಇವು ಮೂರೂ ಇದ್ದರೂ 2008ರಲ್ಲಿ ದೆಹಲಿಯಲ್ಲಿ ಇನ್ನೊಂದು ವಿಭಾಗ ತೆರೆದರು. ಪತ್ರಿಕೆ, ಟೀವಿ ಸುದ್ದಿ ನೋಡಿ, ಎಲ್ಲಿ ಜನ ಗುಂಪಾಗಿ ಕಾಯಿಲೆ ಬಿದ್ದಿದ್ದಾರೆ ಅಂತ ಹುಡುಕಿ, ಆಯಾ ಜಿಲ್ಲೆಗೆ ತಿಳಿಸಿ, ನಿಜವೋ ಸುಳ್ಳೋ ಅಂತ ಪರೀಕ್ಷೆ ಮಾಡಿಸುವುದೇ ಅದರ ಕೆಲಸ. ಅಂದರೆ ಒಳಪುಟದಲ್ಲಿ ನಾನು ಬರೆಯುವ ನಾಲ್ಕು ಸಾಲನ್ನು ಓದಲೆಂದೇ ಸರ್ಕಾರ ಜನರನ್ನು ಕೂರಿಸಿದೆ. ಫಾರಂ ದಾರಿ ತಪ್ಪಬಹುದು, ತಡವಾಗಿ ಹೋಗಬಹುದು, ಯಾರೋ ಸೊನ್ನೆ ಅಂತ ಬರೆದು ಕಳಿಸಬಹುದು. ಊರಿನ ವರದಿಗಾರ ಇನ್ನೊಂದು ಕಣ್ಣು. ಆ ಕಣ್ಣಿಗೆ ಜಿಲ್ಲೆಯಲ್ಲೇ ಬಟ್ಟೆ ಕಟ್ಟಿದರೆ ದೆಹಲಿಯಲ್ಲಿ ಓದುವವರಿಗೆ ಏನು ಸಿಗುತ್ತದೆ ಹೇಳಿ?

ಮಾಹಿತಿ ಬೇಕಾದರೆ ಆರ್‌ಟಿಐ ಹಾಕಿ ಅಂತಲೂ ನನಗೆ ಹೇಳಿದ್ದಾರೆ. 2005ರ ಆ ಮಾಹಿತಿ ಹಕ್ಕು ಕಾಯ್ದೆ ಚೆನ್ನಾಗಿದೆ. ಜೀವದ ಪ್ರಶ್ನೆ ಇದ್ದರೆ 48 ಗಂಟೆಯೊಳಗೆ ಉತ್ತರ ಕೊಡಬೇಕು ಅಂತ ಅದರಲ್ಲೇ ಇದೆ. ಆದರೆ ಜೋರಾಗಿ ಭೇದಿ ಹತ್ತಿದ ಮನುಷ್ಯನಿಗೆ ನೀರು, ಉಪ್ಪು ತುಂಬಿ ಕೊಡದಿದ್ದರೆ ಅರ್ಧ ದಿನದಲ್ಲೇ ಜೀವ ಹೋಗಬಹುದು. ಅದೇ ಕಾಯ್ದೆಯ 4ನೇ ಸೆಕ್ಷನ್ ಯಾರೂ ಕೇಳದಿದ್ದರೂ ತಾವಾಗಿಯೇ ಮಾಹಿತಿ ಹೊರಗೆ ಹಾಕಿ ಅನ್ನುತ್ತದೆ. ನಾನು ಕೇಳುವುದು ಅದನ್ನು.

ಕೋರ್ಟಿನ ಮಾತನ್ನೂ ಕೆಲವರು ಅರ್ಧ ಹೇಳುತ್ತಾರೆ. 2020ರ ಮಾರ್ಚ್ 31ರಂದು ಸುಪ್ರೀಂ ಕೋರ್ಟ್ ಕೊರೊನಾ ಬಗ್ಗೆ ಅಧಿಕೃತ ಮಾಹಿತಿಯನ್ನು ಪ್ರಕಟಿಸಿ ಅಂತ ಮಾಧ್ಯಮಕ್ಕೆ ಹೇಳಿತು. ಅದೇ ಆದೇಶದಲ್ಲಿ ಸರ್ಕಾರ ದಿನಾಲೂ ಬುಲೆಟಿನ್ ಕೊಡುವ ಮಾತೂ ಇದೆ, ಮುಕ್ತ ಚರ್ಚೆಗೆ ಅಡ್ಡ ಬರುವ ಉದ್ದೇಶ ಇಲ್ಲ ಅನ್ನುವ ಮಾತೂ ಇದೆ. ಅಧಿಕೃತ ಮಾಹಿತಿ ಬರೆಯಿರಿ ಅಂದಮೇಲೆ ಅದನ್ನು ಕೊಡಬೇಕು ಅಲ್ವಾ? 2021ರ ಏಪ್ರಿಲ್ 30ರಂದು, ಎರಡನೇ ಅಲೆ ಜೋರಾಗಿದ್ದಾಗ, ಆಕ್ಸಿಜನ್ ಇಲ್ಲ, ಬೆಡ್ ಇಲ್ಲ ಅಂತ ಹೇಳಿಕೊಂಡವರ ಮೇಲೆ ಕ್ರಮ ಕೈಗೊಳ್ಳಬೇಡಿ ಅಂತಲೂ ಅದೇ ಕೋರ್ಟ್ ಹೇಳಿತು.

ಹಾಗಾದರೆ ಆ ಸಂಜೆ ಏನು ಹೇಳಬೇಕು? ದೊಡ್ಡ ವರದಿ ಬೇಡ. ಊರು, ಓಣಿ. ಎಷ್ಟು ಜನ ದಾಖಲಾದರು. ಯಾವ ನಳ, ಯಾವ ಬಾವಿ, ಯಾವ ಬೋರಿನ ಮೇಲೆ ಅನುಮಾನ, ಅದನ್ನು ಬಂದ್ ಮಾಡಿದ್ದೀರಾ ಇಲ್ಲವಾ. ಟ್ಯಾಂಕರ್ ಎಲ್ಲಿ ನಿಲ್ಲುತ್ತದೆ. ಓಆರ್‌ಎಸ್ ಯಾರ ಹತ್ತಿರ ಸಿಗುತ್ತದೆ. ಕಾರಣ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅಂತಲೇ ಹೇಳಿ, ನಾವು ಹಾಗೆಯೇ ಬರೆಯುತ್ತೇವೆ. ರೋಗಿಯ ಹೆಸರು ನಮಗೆ ಬೇಡ, ಕೊಡಲೂ ಬೇಡಿ. ಹೇಳಲು ತಾಲ್ಲೂಕಿಗೆ ಒಬ್ಬರು ಸಾಕು. ತಾಲ್ಲೂಕು ಆರೋಗ್ಯಾಧಿಕಾರಿ ಆಗಬಹುದು, ಅವರು ಊರೊಳಗೆ ಓಡಾಡುತ್ತಿದ್ದರೆ ಇನ್ನೊಬ್ಬರು. ಫೋನ್ ಎತ್ತುವವರಾಗಿರಲಿ.

ಕನ್ನಡದಲ್ಲಿ ಮಾತ್ರ ಹೇಳಿದರೆ ನಮ್ಮ ಕಡೆ ಅರ್ಧ ಊರಿಗೆ ಮುಟ್ಟುವುದಿಲ್ಲ. ಕಲಬುರಗಿ, ಬೀದರ್ ಪಟ್ಟಣಗಳಲ್ಲಿ ಉರ್ದು ಪತ್ರಿಕೆ ಓದುವ ಮನೆಗಳಿವೆ. ಔರಾದ್, ಭಾಲ್ಕಿ ಕಡೆ ಮರಾಠಿ, ಗುರುಮಠಕಲ್ ಕಡೆ ತೆಲುಗು, ತಾಂಡಾಗಳಲ್ಲಿ ಲಂಬಾಣಿ. ಕಲಬುರಗಿ ಆಕಾಶವಾಣಿ ಇದೆ. ತಾಂಡಾದ ನಾಯಕರಿಗೆ ಅವರದೇ ಮಾತಿನಲ್ಲಿ ಒಂದು ವಾಯ್ಸ್ ಮೆಸೇಜ್ ಕಳಿಸಿದರೆ ಗಂಟೆಯೊಳಗೆ ಎಲ್ಲ ಮನೆಗೂ ಹೋಗುತ್ತದೆ. ಸುಳ್ಳು ಹೋಗುವ ದಾರಿಯೂ ಅದೇ ತಾನೇ. ನಿಜವನ್ನೂ ಅದರಲ್ಲೇ ಕಳಿಸೋಣ.

ಎಲ್ಲ ಕಾಯಿಲೆಯೂ ಒಂದೇ ರಾತ್ರಿ ಬರುವುದಿಲ್ಲ ಅನ್ನುವುದನ್ನೂ ಹೇಳಬೇಕು. ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದ ಜನ ಕೊಳವೆಬಾವಿಯ ನೀರನ್ನು ವರ್ಷಗಟ್ಟಲೆ ಕುಡಿದರು. ಬಣ್ಣ ಇಲ್ಲ, ವಾಸನೆ ಇಲ್ಲ, ರುಚಿಯೂ ಬೇರೆ ಇರಲಿಲ್ಲ. ಅದರಲ್ಲಿ ಆರ್ಸೆನಿಕ್ ಇತ್ತು. ಚರ್ಮ ಕೆಟ್ಟಿತು, ಹುಣ್ಣಾಯಿತು. ತಾಂಡಾದ ಹೆಸರು ಪತ್ರಿಕೆಗಳಲ್ಲಿ ಬಂದ ಮೇಲೆ ಅದು ಹೊರಗಿನ ಹೆಚ್ಚು ಜನಕ್ಕೆ ಗೊತ್ತಾಯಿತು. ಇಂಥ ಕಡೆ "ಅದೇ ಸಂಜೆ" ಅಂದರೆ ನೀರಿನ ಪರೀಕ್ಷೆಯ ಫಲಿತಾಂಶ ಬಂದ ಸಂಜೆ. ಆ ಕಾಗದ ಫೈಲಿನಲ್ಲಿ ಇರಬಾರದು. ಪಂಚಾಯಿತಿ ಬೋರ್ಡಿಗೆ ಅಂಟಿಸಿ, ಒಂದು ಪ್ರತಿ ನಮಗೆ ಕೊಡಿ. ಯಾವ ಬೋರಿನ ನೀರು ಕುಡಿಯಬಹುದು, ಯಾವುದು ಬರೀ ಬಟ್ಟೆ ಒಗೆಯಲು ಅಂತ ನಾವು ದೊಡ್ಡ ಅಕ್ಷರದಲ್ಲಿ ಹಾಕುತ್ತೇವೆ.

ಇನ್ನು ನಮ್ಮ ಸಂಪಾದಕರಿಗೆ ಒಂದು ಮಾತು, ಅವರೂ ಇದನ್ನು ಓದುತ್ತಾರೆ. ತಾಲ್ಲೂಕು ವರದಿಗಾರನಿಗೆ ನೀವು ಕೊಡುವುದು ಪೆಟ್ರೋಲಿಗೆ ಸಾಲದು. ಅವನೇ ಜಾಹೀರಾತು ತರಬೇಕು, ಕೆಲವು ಕಡೆ ಬೆಳಗ್ಗೆ ಪೇಪರ್ ಹಾಕಿಸುವುದೂ ಅವನೇ. 2021ರ ಮೇನಲ್ಲಿ ಪತ್ರಕರ್ತರನ್ನು ಸರ್ಕಾರ ಮುಂಚೂಣಿ ಕಾರ್ಯಕರ್ತರು ಅಂದಿತು. ಆದರೆ ನಾನು ಲಸಿಕೆಗೆ ಹೋದಾಗ ಮೊದಲು ಕೇಳಿದ್ದು ಪತ್ರಕರ್ತರ ಕಾರ್ಡ್. ನನ್ನ ಹತ್ತಿರ ಕಾರ್ಡ್ ಇರಲಿಲ್ಲ. ಕಾಯಿಲೆ ಬಿದ್ದ ಊರಿಗೆ ನೀವು ಕಳಿಸುವ ಹುಡುಗನಿಗೆ ಒಂದು ಗುರುತಿನ ಚೀಟಿ, ಒಂದು ವಿಮೆ ಮಾಡಿಸಿ. ಮತ್ತೆ "ಅಧಿಕಾರಿ ಹೇಳಿಕೆ ಇಲ್ಲ" ಅಂತ ಸುದ್ದಿ ನಿಲ್ಲಿಸಬೇಡಿ. "ಅಧಿಕಾರಿ ಮಾತಾಡಲಿಲ್ಲ" ಅಂತ ಬರೆದು ಹಾಕಿ, ಆ ನೀರು ಕುಡಿಯಬೇಡಿ ಅಂತ ಸೇರಿಸಿ.

ನನ್ನ ಜೊತೆಯ ವರದಿಗಾರರಿಗೆ: "ವಾಂತಿ ಭೇದಿಗೆ ಬಲಿ" ಅಂತ ದಪ್ಪ ಅಕ್ಷರದಲ್ಲಿ ಬರೆಯುತ್ತೇವೆ. ಕೆಳಗೆ ಓಆರ್‌ಎಸ್ ಮಾಡುವ ರೀತಿ ಎಷ್ಟು ಸಲ ಬರೆದಿದ್ದೇವೆ? ಕಾಯಿಸಿ ಆರಿಸಿದ ನೀರು 1 ಲೀಟರ್, ಸಕ್ಕರೆ 6 ಟೀ ಚಮಚ, ಉಪ್ಪು ಅರ್ಧ ಟೀ ಚಮಚ. ಚಮಚ ಸಮ ಮಾಡಿ ಹಾಕಬೇಕು, ರಾಶಿ ಮಾಡಿ ಅಲ್ಲ. ಸ್ವಲ್ಪ ಸ್ವಲ್ಪ ಕುಡಿಸುತ್ತಾ ಇರಬೇಕು, ವಾಂತಿ ಆದರೆ ಹತ್ತು ನಿಮಿಷ ಬಿಟ್ಟು ಮತ್ತೆ ಕುಡಿಸಬೇಕು, ಕುಡಿಸುತ್ತಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಬಂದು ಸಲೈನ್ ಮುಗಿದಾಗ ಡಾ. ದಿಲೀಪ್ ಮಹಲನಬೀಸ್ ಹೀಗೇ ಉಪ್ಪು ಸಕ್ಕರೆಯ ನೀರನ್ನು ಡ್ರಮ್ಮುಗಳಲ್ಲಿ ಕಲಸಿಟ್ಟು, ರೋಗಿಗಳ ಮನೆಯವರ ಕೈಯಿಂದಲೇ ಕುಡಿಸಿದರು. ಸಾವಿರಾರು ಜೀವ ಉಳಿದವು. ಡಾಕ್ಟರ್ ಬರುವ ತನಕ ಕಾಯಬೇಕಿಲ್ಲ ಅಂತ ಮನೆಯವರಿಗೆ ಹೇಳುವವರು ಬೇಕಿತ್ತು, ಅಲ್ಲಿ ಇದ್ದರು. ನಮ್ಮ ಪತ್ರಿಕೆಯಲ್ಲಿ ಆ ಮೂರು ಸಾಲಿಗೆ ಜಾಗ ಇಲ್ಲ ಅನ್ನಬೇಡಿ.

ಕೊನೆಗೆ ಆಶಾ ಕಾರ್ಯಕರ್ತೆಯರ ವಿಷಯ. ನನಗೆ ಫೋನ್ ಮಾಡಿದ್ದಕ್ಕೆ ಆಕೆಯನ್ನು ಆಮೇಲೆ ಕರೆಸಿ ಬೈದರು. "ಪೇಪರ್‌ನವರಿಗೆ ಯಾಕ ಹೇಳ್ದಿ?" ಅಂತ. ಆಕೆ ಮೊದಲು ಹೇಳಿದ್ದು ತನ್ನ ಮೇಲಿನವರಿಗೇ, ರಾತ್ರಿ ಎರಡು ಗಂಟೆಗೆ. ಯಾರೂ ಬರಲಿಲ್ಲ ಅಂತ ಬೆಳಗ್ಗೆ ನನಗೆ ಹೇಳಿದರು. ಇಂಥವರಿಗೆ ನೋಟಿಸ್ ಕೊಡುವುದಿಲ್ಲ, ಬೈಯುವುದಿಲ್ಲ ಅಂತ ನೀವು ಮೂರೂ ಜಿಲ್ಲೆಯಲ್ಲಿ ಬರಹದಲ್ಲಿ ಹೇಳಬೇಕು. ಈ ಪತ್ರದಲ್ಲಿ ನಾನು ಕೇಳಿದ್ದರಲ್ಲಿ ಒಂದನ್ನು ಮಾತ್ರ ಕೊಡುತ್ತೇವೆ ಅಂದರೆ, ಇದನ್ನೇ ಕೊಡಿ.

ಹೋದ ವಾರ ಆ ಊರಿಗೆ ಹೋಗಿದ್ದೆ. ಮೇಲಿನ ಓಣಿಗೆ ಹೊಸ ಪೈಪ್ ಬಂದಿದೆ. ಕೆಳಗಿನ ಓಣಿಯಲ್ಲಿ ಆ ಗುಂಡಿ ಇನ್ನೂ ಇದೆ. ಮೇಲೆ ಒಂದು ಚಪ್ಪಡಿ ಎಳೆದಿದ್ದಾರೆ, ಪಕ್ಕದ ಚರಂಡಿ ಹಾಗೇ ಇದೆ. ಆಶಾ ನನ್ನನ್ನು ಕಂಡು ಮನೆಗೆ ಕರೆದು ಚಹಾ ಕೊಟ್ಟರು. ಹೊರಡುವಾಗ, "ಸರ, ಈ ಸಲ ಮಳಿ ಬಂದು ಮತ್ತ ಹಂಗ ಆದ್ರ ನಾ ಯಾರಿಗಿ ಫೋನ್ ಮಾಡ್ಲಿ?" ಅಂತ ಕೇಳಿದರು.

ನಿಮ್ಮನ್ನು ಕೇಳಿ ಹೇಳುತ್ತೇನೆ ಅಂತ ಹೇಳಿ ಬಂದಿದ್ದೇನೆ.

ಇಂತಿ,
ಒಬ್ಬ ತಾಲ್ಲೂಕು ವರದಿಗಾರ